ಹೆಳವಜ್ಜನ ಪುಸ್ತಕದ ಮೇಲಿನ ಕಲ್ಲು

ವಂಶಾವಳಿ ಓದುವ ಹೆಳವಜ್ಜ ತನ್ನ ಪುಸ್ತಕದಿಂದ ಮೇಲಿನ ಕೇರಿಯ ಮಲಕಾಜಪ್ಪನ ಮನೆತನದ ಹದಿನಾಲ್ಕು ತಲೆಮಾರು ಓದಿ ಮುಗಿಸಿದ್ದೇ ತಡ, ಪೂನಮ್ ಊರ ಕಟ್ಟೆಯ ಹತ್ತಿರ ಬಂದು, "ಅಜ್ಜಾರ, ನಮ್ಮ ಮನಿತನದ್ದೂ ಬರ್ಕೋರಿ" ಎಂದಳು. ಸಾಲಹಳ್ಳಿಯಲ್ಲಿ ಊರ ಹೊರಗಿನ ಅವಳ ಕೇರಿಯವರು ಯಾರೂ ಹಾಗೆ ಕೇಳಿದ್ದಿಲ್ಲ.

"ಮುತ್ತಜ್ಜನ ಹೆಸರ ನಿಮಗ ಗೊತ್ತಿಲ್ಲ. ಏನಂತ ಬರೀಬೇಕವಾ ಅವರು?" ಎಂದು ಮಲಕಾಜಪ್ಪ ನಕ್ಕ. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು.

ಪೂನಮ್ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಮಕ್ಕಳಿಗೆ ತೋರಿಸಲೆಂದು ಗುಡ್ಡದಿಂದ ತಂದ ಕಲ್ಲೊಂದು ಚೀಲದಲ್ಲಿತ್ತು. ಕೊಯ್ದ ಉಳ್ಳಾಗಡ್ಡಿಯಂತೆ ಅದರ ತುಂಬ ಸುತ್ತು ಸುತ್ತು ಗೆರೆಗಳು. ಅವಳು ಅದನ್ನು ತೆಗೆದು, ತೆರೆದ ಪುಸ್ತಕದ ಮೇಲೆಯೇ ಇಟ್ಟಳು. "ನೂರು ಕೋಟಿ ವರ್ಷದ ಹಿಂದ ಇಲ್ಲಿ ಸಮುದ್ರ ಇತ್ರಿ. ಹಾವಸಿ, ಅಂದ್ರ ಪಾಚಿಯಂಥಾ ಸಣ್ಣ ಜೀವ ಪದರ ಪದರ ಕಟ್ಟಿದ್ದಿದು. ಭೂಮಿ ಮ್ಯಾಲ ಮೊದಲ ಹುಟ್ಟಿದ ಜೀವಕ್ಕ ಇವೂ ಮಕ್ಕಳು, ನಾವೂ ಮಕ್ಕಳು." ತಪ್ಪು ಹೇಳಿದೆನೇನೋ ಎಂದು ಅಳುಕಿ, "ವರ್ಷ ಸ್ವಲ್ಪ ಹೆಚ್ಚೂಕಡಿಮಿ ಇರಬಹುದು" ಎಂದು ಸೇರಿಸಿದಳು.

"ಅಂದ್ರ ಹಾವಸಿ ನಿಮ್ಮ ಬಳಗ ಅನ್ನು" ಎಂದು ಮಲಕಾಜಪ್ಪ ಮತ್ತೆ ನಕ್ಕ.

"ನಿಮ್ಮದೂ ರೀ, ಕಾಕಾ."

ಹೆಳವಜ್ಜ ಪೆನ್ನಿನ ಟೋಪಿ ತೆಗೆದ. "ಇಬ್ಬರಿಗೂ ಮೂಲ ಒಂದ ಅಂದ್ರ, ಒಂದ ಪುಸ್ತಕದಾಗ ಬರೀಬೇಕಾಗತೈತಿ."

ಮಲಕಾಜಪ್ಪನ ನಗು ನಿಂತಿತು. ಪುಸ್ತಕ ಮುಚ್ಚಲು ಕೈ ಚಾಚಿ, "ಕಲ್ಲ ತಗಿ" ಎಂದ.

ಪೂನಮ್ ತೆಗೆಯಲಿಲ್ಲ. ಕಲ್ಲಿನ ಮೇಲೆ ತನ್ನ ಅಂಗೈಯನ್ನೂ ಊರಿದಳು.

"ಬರೀರಿ ಅಜ್ಜಾರ. ಗೊತ್ತಿದ್ದ ಹೆಸರಿಂದ ಸುರು ಮಾಡ್ರಿ. ನಮ್ಮವ್ವ, ಸುಂದರವ್ವ."