ವಾಗ್ದಾನದ ತಟ್ಟೆ

ಹೆಪ್ಸಿಬಾ ಟೀಚರ್ ತಟ್ಟೆಗೆ ಎರಡನೇ ಸಲ ಕೈ ಹಾಕಿದಾಗ ಅವರ ಸೊಸೆ ಏಂಜೆಲ ಕತ್ತು ಚಾಚಿ ನೋಡಿದಳು. ಹೊಸ ವರ್ಷದ ಬೆಳಗಿನ ಆರಾಧನೆಯಲ್ಲಿ ಒಬ್ಬರಿಗೆ ಒಂದೇ ಬೈಬಲ್ ವಚನ. ತಟ್ಟೆಯಿಂದ ಕಣ್ಣು ಮುಚ್ಚಿ ತೆಗೆದದ್ದೇ ವರ್ಷಕ್ಕೆಲ್ಲ ದೇವರ ವಾಗ್ದಾನ. ಹಲಬರ್ಗಾದ ಚರ್ಚಿನಲ್ಲಿ ಅದನ್ನು ಯಾರೂ ಬದಲಿಸಿದ್ದಿಲ್ಲ.

ಪ್ರತಿ ವರ್ಷ ಪ್ರೆಸ್ಸಿನಿಂದ ಬರುತ್ತಿದ್ದ ಕಾರ್ಡುಗಳ ಬದಲು ಈ ಸಲ ಏಂಜೆಲಳೇ ಹಳೆಯ ಮದುವೆ ಪತ್ರಿಕೆಗಳನ್ನು ಕತ್ತರಿಸಿ, ಮಡಚಿ, ದಾರದಿಂದ ಹೊಲಿದು, ಬೆರಳುದ್ದದ ನೂರಿಪ್ಪತ್ತು ಪುಸ್ತಕ ಮಾಡಿದ್ದಳು. ಒಂದೊಂದರೊಳಗೂ ಒಂದು ವಚನ, ಪಕ್ಕದಲ್ಲಿ ಒಣಗಿಸಿ ಅಂಟಿಸಿದ ತೊಗರಿ ಹೂವೋ ಅಗಸೆ ಹೂವೋ. "ಕತ್ತರಿ ಹಿಡಕೊಂಡು ಕುಂತರ ಹೊತ್ತು ಹೋಗ್ತದ, ಬ್ಯಾರೆ ಏನಾಗ್ತದ?" ಎಂದಿದ್ದರು ಅತ್ತೆ. ಮೂವತ್ತು ವರ್ಷ ಮಕ್ಕಳ ನೋಟುಬುಕ್ಕು ತಿದ್ದಿದ ಕಣ್ಣು ಅವರದು.

ಮೊದಲು ಸಿಕ್ಕಿದ್ದನ್ನು ಬೈಬಲ್ಲಿನೊಳಗೆ ಇಟ್ಟುಕೊಂಡಿದ್ದ ಟೀಚರ್, ಎರಡನೆಯದನ್ನು ಬಿಚ್ಚಿ ನೋಡಿ ತಟ್ಟೆಗೆ ವಾಪಸು ಹಾಕಿದರು. ಮೂರನೆಯದನ್ನು ಎತ್ತಿಕೊಂಡರು. ಅಂಟಿನ ಕಲೆ ಹುಡುಕುತ್ತಿದ್ದಾರೆ ಎಂದುಕೊಂಡಳು ಏಂಜೆಲ. ಹಿಂದೆ ಸಾಲಿನಲ್ಲಿ ಗುಸುಗುಸು ಶುರುವಾಯಿತು. ಸಭಾಪಾಲಕರು ಬಗ್ಗಿ, "ಮೇಡಂ, ಮೊದಲ ಬಂದದ್ದೇ ನಿಮ್ಮ ವಚನರಿ," ಎಂದು ಮೆಲ್ಲಗೆ ನೆನಪಿಸಿದರು.

"ಅದು ನನ್ನ ಬೈಬಲ್‌ನ್ಯಾಗ ಅದರಿ." ಟೀಚರ್ ತಲೆ ಎತ್ತಲಿಲ್ಲ. "ಇವು ನನ್ನ ಸೊಸಿ ಮಾಡಿದ ಪುಸ್ತಕ. ಎಲ್ಲಾ ನೋಡೇ ಹೋಗ್ತೇನಿ."

ಆಮೇಲೆ ಸಾಲಿನ ಕಡೆ ತಿರುಗಿ, ತರಗತಿಗೆ ಹೇಳುವ ದನಿಯಲ್ಲೇ ಹೇಳಿದರು: "ಹಿಂದಿನವರು ಕುಂದ್ರಿ. ತಡಾ ಆಗ್ತದ."