ಹಗಲಿನ ನೀರು

ಯಶವಂತಪುರದ ರೈಲ್ವೆ ಗೇಟಿನ ಬಳಿ ಕಮಾನು ಗಾಡಿ ನಿಂತಾಗ ಮುನಿಕೃಷ್ಣಮ್ಮ ಮತ್ತಿಕೆರೆಯ ಕೆರೆಯನ್ನು ಕುಡಿದು ಮುಗಿಸುವುದರಲ್ಲಿದ್ದಳು. ದಡದಲ್ಲಿ ಬೋರಲಾಗಿ ಮಲಗಿ, ನೀರಿಗೆ ತುಟಿ ಹಚ್ಚಿ, ದನದ ಹಾಗೆ ಒಂದೇ ಸಮನೆ ಹೀರುತ್ತಿದ್ದಳು. ತಾವರೆ ಎಲೆಗಳು ಒಂದೊಂದಾಗಿ ಕೆಸರಿಗಿಳಿದವು. ಕೊಕ್ಕರೆಗಳು ಅವಳನ್ನೇ ನೋಡುತ್ತ ನಿಂತವು. ಹೊಟ್ಟೆ ಮಾತ್ರ ಒಂದಿಷ್ಟೂ ನೋಯಲಿಲ್ಲ. ಅಷ್ಟರಲ್ಲಿ ರೈಲು ಕೂಗಿತು. ಕಣ್ಣು ಬಿಟ್ಟರೆ ತಲೆಯ ಮೇಲೆ ಈಚಲು ಚಾಪೆಯ ಕಮಾನು, ಬಾಯಲ್ಲಿ ಒಣಗಿದ ನಾಲಿಗೆ, ಹೊಟ್ಟೆಯಲ್ಲಿ ಅದೇ ಹಿಂಡುವ ನೋವು.

"ಇನ್ನೇನು ಬಂದ್ವಿ ಕಣೇ," ಎಂದ ಗಂಡ ಬೈರಣ್ಣ, ಎತ್ತುಗಳ ಕಡೆ ಮುಖ ಮಾಡಿಕೊಂಡೇ. "ಹಕೀಮ್ ಸಾಬ್ರು ಏನ್ ಏಳ್ತಾರೋ ನೋಡಾಣ. ಇದೂ ಆಗ್ಲಿಲ್ಲ ಅಂದ್ರೆ ದೊಡ್ಡಾಸ್ಪತ್ರೇನೇ ಗತಿ."

ದೊಡ್ಡಾಸ್ಪತ್ರೆ ಎಂದರೆ ಹೊಟ್ಟೆ ಕೊಯ್ಯುವ ಜಾಗ ಎಂದೇ ಮುನಿಕೃಷ್ಣಮ್ಮ ತಿಳಿದಿದ್ದಳು. ಹೊಟ್ಟೆ ಒಂದು ದಿನ ಬಿಗಿ, ಒಂದು ದಿನ ಸಡಿಲ, ಎರಡೂ ಇಲ್ಲದ ದಿನ ಬರೀ ನೋವು. ಕೈಯ ಬಳೆ ಮೊಣಕೈವರೆಗೂ ಜಾರುವಷ್ಟು ಸೊರಗಿದ್ದಳು. ಸೆರಗನ್ನು ಬಾಯಿಗೊತ್ತಿಕೊಂಡು ಗಾಡಿಯಿಂದ ಇಳಿದಳು.

ಗಯಾಸ್ ಹಕೀಮರು ನಾಡಿ ಹಿಡಿದು ಕಣ್ಣು ಮುಚ್ಚಿದರು. ನಿದ್ದೆ ಹೋದರೇನೋ ಎನ್ನುವಷ್ಟು ಹೊತ್ತಾದ ಮೇಲೆ ಕೇಳಿದರು. "ಖಾರ ಬಿಟ್ಟಿದ್ದೀರಾ ಅಮ್ಮಾ? ಕಾಫಿ? ಅವರೆಕಾಯಿ?"

"ಎಲ್ಲಾನೂ ಬಿಟ್ಟವ್ಳೆ ಸಾಬ್ರೆ," ಎಂದ ಬೈರಣ್ಣ. "ಸೊಗಡು ಅವರೆ ಬಂದಿರೋ ಕಾಲ. ಮನೇರೆಲ್ಲ ಇತ್ಕಿದ್ ಬೇಳೆ ಸಾರು ಸುರೀತಿದ್ರೆ ಇವ್ಳು ಮೂಲೇಲಿ ಕೂತು ಮೆತ್ತಗಿನ ಅನ್ನ ಮಜ್ಜಿಗೆ ಉಣ್ತಾಳೆ. ನೋಡಾಕೆ ನಂಗೇ ಆಗಲ್ಲ."

ಬೆಂಗಳೂರು ಸೀಮೆಯಲ್ಲಿ ಇದಕ್ಕಿಂತ ದೊಡ್ಡ ವೈರಾಗ್ಯವಿಲ್ಲ. ಹಕೀಮರೂ ಅದನ್ನು ಒಪ್ಪಿದವರಂತೆ ತಲೆದೂಗಿದರು. "ಮತ್ತೆ ನಾನು ಕೊಟ್ಟ ಇಸಬ್‌ಗೋಲ್ ಹೊಟ್ಟು?"

"ದಿನಾ ತಗೋತೀನಿ," ಎಂದಳು ಮುನಿಕೃಷ್ಣಮ್ಮ.

ಹಕೀಮರು ಎರಡು ಗಾಜಿನ ಲೋಟ ಇಟ್ಟು ಎರಡಕ್ಕೂ ಒಂದೊಂದು ಚಮಚ ಹೊಟ್ಟು ಹಾಕಿದರು. ಒಂದಕ್ಕೆ ಲೋಟದ ತುಂಬ ನೀರು, ಇನ್ನೊಂದಕ್ಕೆ ಒಂದೇ ಗುಟುಕು. ಮೂವರೂ ಸುಮ್ಮನೆ ನೋಡುತ್ತ ಕೂತರು. ತುಂಬಿದ ಲೋಟದಲ್ಲಿ ಹೊಟ್ಟು ಬಿಳಿ ಮೋಡದ ಹಾಗೆ ಅರಳಿ ಮೆಲ್ಲಗೆ ತೇಲಾಡಿತು. ಇನ್ನೊಂದರಲ್ಲಿ ತಳಕ್ಕೆ ಅಂಟಿ ಉಂಡೆಯಾಯಿತು. ಹಕೀಮರು ಆ ಲೋಟವನ್ನು ಬೋರಲು ಹಿಡಿದರು. ಉಂಡೆ ಅಲ್ಲಾಡಲಿಲ್ಲ.

"ಇದರಲ್ಲಿ ನಿಮ್ಮದು ಯಾವುದಮ್ಮಾ?"

ಮುನಿಕೃಷ್ಣಮ್ಮ ಬೋರಲು ಲೋಟವನ್ನು ಕಣ್ಣಿನಲ್ಲೇ ತೋರಿಸಿದಳು.

"ನೀರಿಲ್ಲದೆ ಇದು ಔಷಧಿ ಅಲ್ಲ, ಗಾರೆ," ಎಂದರು ಹಕೀಮರು. "ಒಂದು ಚಮಚಕ್ಕೆ ದೊಡ್ಡ ಲೋಟದ ತುಂಬ ನೀರು. ಆಮೇಲೂ ದಿನವಿಡೀ ಕುಡೀತಾ ಇರಬೇಕು. ನೀರು ಯಾಕೆ ಕುಡಿಯಲ್ಲ?" ಅವಳು ನೆಲ ನೋಡಿದಳು.

ವಾಪಸು ಬರುವಾಗ ಬೈರಣ್ಣ ದಾರಿಯುದ್ದಕ್ಕೂ ಗೊಣಗಿದ. "ಬಾಗ್ಲಲ್ಲೇ ಬಾವಿ ಐತೆ. ಸೇದಿ ಕೊಡೋಕೆ ನಾನಿವ್ನಿ. ನೀರು ಕುಡಿಯೋಕೇನು ದಾಡಿ ನಿಂಗೆ?"

"ಕುಡೀತೀನಿ," ಎಂದಳು ಅವಳು. "ಕನಸ್ನಾಗೆ. ಕೆರೇನೇ ಕುಡೀತೀನಿ."

ಅವನ ಸಿಟ್ಟು ಅರ್ಧಕ್ಕೇ ನಿಂತಿತು. "ಕೆರೆ ಕುಡುದ್ರೆ ಮೀನೆಲ್ಲಿಗೋಗ್ತವೆ?" ಎಂದು ನಕ್ಕ. "ಆಮೇಲೆ?"

"ಆಮೇಲೆ ಎಚ್ರ ಆಯ್ತದೆ. ಎದ್ದು ಆಕಾಶ ನೋಡ್ತೀನಿ, ಇನ್ನೂ ಕತ್ಲೆ ಐತಾ ಅಂತ."

"ಕತ್ಲೆ ಯಾಕೆ?"

ಗಾಡಿ ಕೆರೆಯ ಏರಿ ಹತ್ತಿತ್ತು. ಏರಿಯ ಹಿಂದೆ ಮೊನ್ನೆ ಮೊನ್ನೆಯವರೆಗೂ ಆಳೆತ್ತರದ ಲಂಟಾನ ಪೊದೆಗಳಿದ್ದವು. ಯಾರೋ ಬಡಾವಣೆ ಮಾಡುತ್ತಾರೆಂದು ಎಲ್ಲ ಸವರಿ ಕಲ್ಲು ನೆಟ್ಟಿದ್ದರು. ಬಿಸಿಲಿನಲ್ಲಿ ಬಯಲು ಬೆಳ್ಳಗೆ ಮಲಗಿತ್ತು. ಮುನಿಕೃಷ್ಣಮ್ಮ ಆ ಕಡೆ ಕೈ ತೋರಿಸಿದಳು.

"ಪೊದೆ ಇದ್ದಾಗ ಎಂಗೋ ಆಗ್ತಿತ್ತು. ಈಗ ಕೋಳಿ ಕೂಗೋಕ್ ಮುಂಚೆ ಒಂದ್ಸಲ, ಹೊತ್ತು ಮುಳುಗಿದ್ಮ್ಯಾಕೆ ಒಂದ್ಸಲ. ನಡುವೆ ಒಟ್ಟೆ ಕೆಟ್ರೆ ನಾನೆಲ್ಲಿಗೋಗ್ಲಿ? ಅದ್ಕೇ ಬೆಳಕರಿದ್ಮೇಲೆ ನೀರು ಮುಟ್ಟಲ್ಲ. ನೀವು ಗಂಡಸ್ರು. ಹಗಲು ನಿಮ್ದು."

ಬೈರಣ್ಣನಿಗೆ ನಾಚಿಕೆಯಾಯಿತು. ತಾಯಿ, ಅತ್ತಿಗೆ, ಅಕ್ಕಂದಿರು, ಮನೆ ತುಂಬ ಹೆಂಗಸರ ನಡುವೆ ಬೆಳೆದವನು ಅವನು. ಅವರೆಲ್ಲ ಹಗಲಿಡೀ ಬಾಯಾರಿಕೊಂಡು ಓಡಾಡಿದ್ದು ಒಂದು ದಿನವೂ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಹಗ್ಗ ಸಡಿಲ ಬಿಟ್ಟು ಕೂತ. ಎತ್ತುಗಳೇ ಗಾಡಿಯನ್ನು ಮನೆ ಮುಟ್ಟಿಸಿದವು.

ನೊಗ ಇಳಿಸಿ ಎತ್ತುಗಳನ್ನು ಕಟ್ಟಿದವನು ಗಾಡಿಯ ಕಮಾನಿಗೂ ಕೈ ಹಾಕಿದ. ಊರಿನಲ್ಲಿ ಅಂಥ ಕಮಾನು ಇನ್ನೊಂದಿರಲಿಲ್ಲ. ಅವನ ಅಪ್ಪ ಬಿದಿರು ಬಗ್ಗಿಸಿ ಕಟ್ಟಿದ್ದು, ಮುನಿಕೃಷ್ಣಮ್ಮ ಮದುಮಗಳಾಗಿ ಅದರ ನೆರಳಿನಲ್ಲೇ ಹತ್ತಿರದ ಸಿಂಗಾಪುರ ಹಳ್ಳಿಯಿಂದ ಬಂದಿದ್ದಳು. ಅದನ್ನು ಬಿಚ್ಚಿ, ಎರಡು ಹೋಳು ಮಾಡಿ, ಕೊಟ್ಟಿಗೆಯ ಹಿಂದೆ ಗುಂಡಿ ತೋಡಿ, ಸುತ್ತ ನಿಲ್ಲಿಸಿ ಬಿಗಿದ. ಬಾಗಿಲಿಗೆ ಒಂದು ಗೋಣಿ ಇಳಿಬಿಟ್ಟ.

ಪಕ್ಕದ ಮನೆಯ ಆವಲಪ್ಪ ಬೇಲಿಯಾಚೆಯಿಂದ ಕತ್ತು ಚಾಚಿದ. "ಏನ್ ಬೈರಣ್ಣ, ಗಾಡಿ ಬೋಳು ಮಾಡ್ಬುಟ್ಟೆ? ಎಂಗಸ್ರನ್ನ ಇನ್ನು ಎಂಗೆ ಕರ್ಕೊಂಡೋಗ್ತೀಯ?"

"ಬಿಸ್ಲಲ್ಲಿ ಕೂತ್ಕೊಂಡು ಬರ್ತಾರೆ ಬಿಡು," ಎಂದ ಬೈರಣ್ಣ.

ಮರುದಿನ ಮಧ್ಯಾಹ್ನ ಬಾವಿಯಿಂದ ಸೇದಿದ ನೀರನ್ನು ಅವನೇ ಚೊಂಬಿನ ತುಂಬ ತಂದು, ಒಂದು ಚಮಚ ಹೊಟ್ಟು ಕದಡಿ, ಹೆಂಡತಿಯ ಕೈಗೆ ಕೊಟ್ಟ. ಮುನಿಕೃಷ್ಣಮ್ಮ ಅಂಗಳದಲ್ಲಿ ನಿಂತು ಅಭ್ಯಾಸದಂತೆ ಮೊದಲು ಆಕಾಶ ನೋಡಿದಳು. ಸೂರ್ಯ ನೆತ್ತಿಯ ಮೇಲಿದ್ದ. ಹಾಗೆ ನೋಡುತ್ತಲೇ ಚೊಂಬೆತ್ತಿ, ಕೆಳಗಿಳಿಸದೆ, ಕೊನೆಯ ಹನಿಯವರೆಗೂ ಕುಡಿದಳು.