ಸಮುದ್ರವಿಲ್ಲದ ಎರಡು ದೇಶಗಳು

ಅಂತರರಾಷ್ಟ್ರೀಯ ಸಂಬಂಧಗಳ ಬಿ.ಎ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಎಂದಿನಂತೆ ಒಬ್ಬೊಬ್ಬರಿಗೂ ಕಚ್ಚಾಡುವ ಎರಡೆರಡು ನಿಜವಾದ ದೇಶಗಳನ್ನು ಕೊಟ್ಟಿದ್ದರು. ಊಟದ ಹೊತ್ತಿಗೆ ರಾಜಿ ಮಾಡಿಸದಿದ್ದರೆ ಫೇಲು. ಏನೂ ಓದದೆ ಬಂದಿದ್ದ ಶಾಂಭವಿ, ಮುಂದಿನ ಬೆಂಚಿನವಳು ತನ್ನ ದೇಶಗಳಿಗೆ ಬರೆದಿದ್ದ ಆದೇಶವನ್ನು ಇಣುಕಿ ನೋಡಿ ಹಾಗೇ ಕಾಪಿ ಹೊಡೆದು ತನ್ನ ದೇಶಗಳಿಗೆ ಕಳಿಸಿದಳು: "ಇಬ್ಬರೂ ಕೂಡಲೇ ನಿಮ್ಮ ಬಂದರುಗಳನ್ನು ತೆರೆಯಿರಿ."

ಅವಳ ಎರಡು ದೇಶಗಳಿಗೂ ಸಮುದ್ರವೇ ಇರಲಿಲ್ಲ.

ಗಡಿಯ ಎರಡೂ ಕಡೆಯ ಸೈನಿಕರು ಬಂದೂಕು ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕರು. ಇಬ್ಬರು ಅಧ್ಯಕ್ಷರೂ ಒಟ್ಟಿಗೇ ಪರೀಕ್ಷಾ ಕೋಣೆಗೆ ಫೋನ್ ಮಾಡಿ, "ಮೊದಲು ನಮಗೊಂದು ಸಮುದ್ರ ಕಳಿಸಮ್ಮ!" ಎಂದು ಕೂಗಿದರು.

ಪರೀಕ್ಷಕರು ನಗು ತಡೆಯಲಾರದೆ ಕಣ್ಣೊರೆಸಿಕೊಂಡರು. "ರಾಜಿಯೇನೋ ಆಯ್ತು, ಪಾಸು ಮಾಡ್ತೀನಿ. ಆದ್ರೆ ಸಮುದ್ರ ಎಲ್ಲಿಂದ ತರ್ತೀಯಮ್ಮ?"

"ಅದು ಮುಂದಿನ ಸೆಮಿಸ್ಟರ್ ಸಿಲಬಸ್ಸು ಸರ್," ಎಂದಳು ಶಾಂಭವಿ.